ಸಿನ್‌ಫಿಗ್‌ನಲ್ಲೇ ಹಳ್ಳಿಕಾರ್ ಜೋಡಿ ಓಡಿಸಿದೆ

ಪುಕ್ಕಟೆ ಸಿಗುವ ಅನಿಮೇಶನ್ ಸಾಫ್ಟ್‌ವೇರ್ ಸಿನ್‌ಫಿಗ್‌ನಲ್ಲಿ ಮಾಡಿದ ರಿಗ್ (ಚಿತ್ರವನ್ನು ಆಡಿಸಲು ಅದರೊಳಗೆ ಕೂರಿಸುವ ಮೂಳೆಗಳ ಹಂದರ) ಗೇಮಿಗೆ ಆಗಿಬರೋದಿಲ್ಲ ಅಂತ ಬೆಂಗಳೂರಿನ ಗೆಳೆಯರೆಲ್ಲ ಹೇಳಿದ್ದರು. "ಸುಮ್ನೆ ಸ್ಪೈನ್ ತಗೊಳೋ" ಅಂದರು. ಅದು ಇದೇ ಕೆಲಸಕ್ಕೆ ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್. 69 ಡಾಲರಿನ ಸ್ಪೈನ್‌ನಲ್ಲಿ ಮೆಶ್, ಅಂದರೆ ಚಿತ್ರವನ್ನು ಬಟ್ಟೆಯಂತೆ ಬಗ್ಗಿಸುವ ಬಲೆ, ಇಲ್ಲ. ಮೆಶ್ ಬೇಕು ಅಂದರೆ 379 ಡಾಲರ್, ನಮ್ಮ ಲೆಕ್ಕದಲ್ಲಿ 30 ಸಾವಿರದ ಮೇಲೆ. ನನಗೆ ಈ ಕೆಲಸಕ್ಕೆ ಮಾತಾಗಿದ್ದ ದುಡ್ಡೇ 40 ಸಾವಿರದ ಹತ್ತಿರ. ಮಂಡ್ಯ ಕಡೆಯ ಎತ್ತಿನಗಾಡಿ ಓಟದ ಮೊಬೈಲ್ ಗೇಮ್ ಅದು. ಒಂದು ಹಳ್ಳಿಕಾರ್ ಜೋಡಿ, ಒಂದು ಗಾಡಿ, ಓಡಿಸುವವನೊಬ್ಬ.

ಗೆಳೆಯರ ಮಾತು ಅರ್ಧ ನಿಜ. ಸಿನ್‌ಫಿಗ್‌ನ ಮೂಳೆಗಳನ್ನು ಗೇಮ್ ಕಟ್ಟುವ ಎಂಜಿನ್ ಗೋಡೋ ಓದುವುದಿಲ್ಲ. ಅದಕ್ಕೇ ಮೊದಲು ಎಲ್ಲವನ್ನೂ ಒಟ್ಟಿಗೆ ಫ್ರೇಮ್ ಮಾಡಿ, ಅಂದರೆ ಒಂದಾದ ಮೇಲೊಂದು ಬರುವ ಬಿಡಿ ಚಿತ್ರಗಳಾಗಿ, ಇಳಿಸಿದೆ. 1024 ಪಿಕ್ಸೆಲ್‌ನ ಚೌಕ, 24 ಫ್ರೇಮ್. ಪಿಎನ್‌ಜಿ ಫೈಲಿನ ಸೈಜ್ ಚಿಕ್ಕದಿದೆ ಅಂತ ಖುಷಿಪಡಬೇಡಿ. ಮೆಮೊರಿಯಲ್ಲಿ ಒಂದೊಂದು ಫ್ರೇಮೂ 4 ಎಂಬಿ, ಒಟ್ಟು 96. ಹಳೇ ಫೋನಿನಲ್ಲಿ ಗೇಮ್ ತೆರೆಯಲೇ ಇಲ್ಲ. ಆಮೇಲೆ ಪೂರ್ತಿ ಉಲ್ಟಾ ಹೋದೆ. ತುಂಡುಗಳನ್ನೆಲ್ಲ ಬಿಡಿಸಿ ಗೋಡೋದಲ್ಲೇ ಮೂಳೆಗೆ ಕಟ್ಟಿದೆ. ಕಾಲೇನೋ ಚೆನ್ನಾಗಿ ಬಂತು, ಭುಜ ಮಾತ್ರ ಬಗ್ಗಿದಾಗೆಲ್ಲ ಸುಕ್ಕುಬಿದ್ದು ಹರಿಯಿತು. ಎರಡು ವಾರ ಅದರಲ್ಲೇ ಹೋಯಿತು, ಸಂಪಾದನೆ ಸೊನ್ನೆ.

ಕೊನೆಗೆ ಎರಡನ್ನೂ ಬೆರೆಸಿದೆ. ಬಳುಕುವ ಮೈ, ಕಾಲು ಮಾತ್ರ ಸಿನ್‌ಫಿಗ್‌ನಿಂದ ಫ್ರೇಮ್ ಆಗಿ ಬರುತ್ತವೆ. ತಲೆ, ಬಾಲ, ನೊಗ, ಮೂಕಿ, ಚಕ್ರ ಬಿಡಿಬಿಡಿಯಾಗಿ ಗೋಡೋದಲ್ಲೇ ಆಡುತ್ತವೆ. ಮೈಗೆ 512ರ ಅಳತೆ, 12 ಫ್ರೇಮ್. 2048ರ ಶೀಟಿನಲ್ಲಿ (ಫ್ರೇಮ್‌ಗಳನ್ನೆಲ್ಲ ಸಾಲಾಗಿ ಜೋಡಿಸಿದ ಒಂದೇ ಚಿತ್ರ) 16 ಮನೆ ಸಿಗುತ್ತವೆ, ಉಳಿದ 4ರಲ್ಲಿ ಬಿಡಿ ತುಂಡುಗಳು ಕೂತವು. ಎಲ್ಲ ಸೇರಿ 16 ಎಂಬಿ! ಎರಡನೇ ಎತ್ತಿಗೂ ಅದೇ ಶೀಟು. ಎರಡು ಫ್ರೇಮ್ ಹಿಂದೆ ಬಿಟ್ಟು ಬಣ್ಣ ಚೂರು ಮಬ್ಬು ಮಾಡಿದರೆ ಯಾರಿಗೂ ಗೊತ್ತಾಗಲ್ಲ. 0ನೇ ಫ್ರೇಮೂ 12ನೇ ಫ್ರೇಮೂ ಒಂದೇ, ಹಾಗಾಗಿ ರೆಂಡರ್ 11ಕ್ಕೇ ನಿಲ್ಲಿಸಿ. ಇಲ್ಲದಿದ್ದರೆ ಪ್ರತಿ ಸುತ್ತಿಗೂ ಎತ್ತು ಎಡವುತ್ತದೆ.

ಕೀಲಿನ ಜಾಗದಲ್ಲಿ ಎರಡೂ ತುಂಡಿಗೆ ಒಂದೇ ಅಳತೆಯ ವೃತ್ತ ಕೊಡಿ, ಮೂಳೆಯ ಬುಡ ಅದರ ನಟ್ಟನಡುವೆ ಇರಲಿ. ಒಂದರ ಮೇಲೊಂದು ಬರುವ ಕಡೆ ಔಟ್‌ಲೈನ್ ಬೇಡ. ನಾಗಮಂಗಲದ ತೊಗಲುಗೊಂಬೆಯ ಮೊಣಕೈ ಹತ್ತಿರದಿಂದ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪಕ್ಕದ ಬೀದಿಯಲ್ಲಿ ಎತ್ತು ಸಾಕಿರುವ ಹಿರಿಯರಿಗೆ ಫೋನಿನಲ್ಲಿ ತೋರಿಸಿದೆ. "ಯಾಕ್ಲಾ ಮಗ, ನೊಗ ಹೊತ್ತ ಎತ್ತು ಹಿಂಗೆ ಕುದ್ರೆ ಥರ ಕುಣಿತದಾ?" ಅಂದರು. ನೆಟ್ಟಲ್ಲಿ ಸಿಗುವ ಓಟದ ಚಿತ್ರಗಳೆಲ್ಲ ಕುದುರೆಯವೇ ಅಲ್ವಾ! ಕತ್ತಿನ ಆಟ ಕಮ್ಮಿ ಮಾಡಿದೆ, ತಲೆ ತಗ್ಗಿಸಿದೆ. ನೊಗದ ಎರಡು ತುದಿಯನ್ನೂ ಎರಡು ಎತ್ತಿನ ಹಿಣಿಲಿಗೆ ಕಟ್ಟಿದೆ. ಒಂದು ಎತ್ತು ಇನ್ನೊಂದಕ್ಕಿಂತ ಮೇಲೆದ್ದಾಗ ನೊಗ ತಾನಾಗಿಯೇ ವಾಲುತ್ತದೆ. ನೋಡಿದವರೆಲ್ಲ ಕೇಳುವುದು ಇದನ್ನೇ. ಹೇಗೆ ಕಟ್ಟಿದೆ ಅನ್ನೋದನ್ನ ಸದ್ಯಕ್ಕೆ ಹೇಳಲ್ಲ, ಅದೇ ನನ್ನ ಅನ್ನ.

ಹಳ್ಳಿಕಾರ್ ಆಗಿದ್ದು ಒಳ್ಳೇದೇ ಆಯಿತು. ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಸಣ್ಣದು, ಅದಕ್ಕೆ ಬೇರೆ ಮೂಳೆ ಬೇಕಾಗಲಿಲ್ಲ.

ಚಕ್ರದ ಹಿಂದೆ ಬಿದ್ದು ಒಂದು ರಾತ್ರಿ ಕಳೆದೆ. 12 ಅರ ಇದ್ದರೆ 30 ಡಿಗ್ರಿ ತಿರುಗಿದರೆ ಸಾಕು, ಮತ್ತೆ ಅದೇ ಚಿತ್ರ. ಆದರೆ ಫ್ರೇಮಿಗೆ 15 ಡಿಗ್ರಿ ದಾಟಿತೋ, ಚಕ್ರ ಹಿಂದಕ್ಕೆ ಉರುಳಿದಂತೆ ಕಾಣುತ್ತದೆ. ವೇಗ ಜಾಸ್ತಿಯಾದಾಗ ಅರಗಳನ್ನು ತೆಗೆದು ಮಸುಕಾದ ತಟ್ಟೆಯೊಂದನ್ನು ಇಡುತ್ತೇನೆ.

ಬಾಕಿ ದುಡ್ಡು ಕೈಗೆ ಬರೋಕೆ ಮೂರ್ನಾಲ್ಕು ತಿಂಗಳು ಹಿಡಿಯಿತು. ಈಗ ಅರ್ಧ ಮುಂಗಡ ಇಲ್ಲದೆ ಚಿತ್ರ ಬರೆಯೋ ಇಂಕ್‌ಸ್ಕೇಪ್ ತೆರೆಯಲ್ಲ. ಮೊದಲು ಶೀಟ್ ಕಳಿಸುತ್ತೇನೆ, ಸಿನ್‌ಫಿಗ್ ಫೈಲ್ ಕೊಡೋದು ಪೂರ್ತಿ ಹಣ ಬಂದ ಮೇಲೆ.