ರೇಡ್ ಹಾಕುವ ಮೊದಲು ಡಿಸ್ಕಿಗೆ ಗೆರೆ ಎಳೆಯಿರಿ

ಮೇ ಕೊನೆಗೆ ಬರುವ ಪತ್ತನಾಜೆ ಕಳೆದರೆ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ನನ್ನಂಥ ಯಕ್ಷಗಾನ ರೆಕಾರ್ಡಿಂಗ್ ಹುಚ್ಚಿನವರಿಗೆ ಮನೆಯಲ್ಲಿ ಕೂತು ಫೈಲುಗಳನ್ನು ಜೋಡಿಸಿಡುವ ಕಾಲ ಆಗ ಶುರು. ಕಂಪ್ಯೂಟರಿಗೆ ಎರಡು ಹಾರ್ಡ್ ಡಿಸ್ಕ್ ಹಾಕಿ ರೇಡ್ (ಹಲವು ಡಿಸ್ಕನ್ನು ಸೇರಿಸಿ ಒಂದೇ ಡಿಸ್ಕಿನಂತೆ ದುಡಿಸುವ ಏರ್ಪಾಡು) ಮಾಡುವುದಿದ್ದರೂ ಆಗಲೇ ಮಾಡಿ. ತಿರುಗಾಟದ ನಡುವೆ ಮಾಡಲು ಹೋದರೆ ಅರ್ಧಕ್ಕೆ ಬಿಟ್ಟು ಆಟಕ್ಕೆ ಓಡಬೇಕಾಗುತ್ತದೆ.

ಉಡುಪಿಯಲ್ಲಿರುವ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಒಂದು 256 ಜಿಬಿಯ ಎಸ್‌ಎಸ್‌ಡಿ, ಎರಡು 4 ಟಿಬಿಯ ಹಾರ್ಡ್ ಡಿಸ್ಕ್ ಇವೆ. ಓಎಸ್ ಡೆಬಿಯನ್ ಲಿನಕ್ಸ್. ಕೆಳಗೆ ಹೇಳುವುದೆಲ್ಲ ಈ ಲೆಕ್ಕದಲ್ಲೇ.

ಎರಡೇ ಡಿಸ್ಕ್ ಇರುವವರಿಗೆ ರೇಡ್ 1 ಸಾಕು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಹಾಗೇ ಇರುತ್ತದೆ, ಒಂದು ಸತ್ತರೆ ಇನ್ನೊಂದು ಕೆಲಸ ನಡೆಸುತ್ತದೆ. ರೇಡ್ 0 ವೇಗ ಕೊಡುತ್ತದೆ ನಿಜ, ಆದರೆ ಒಂದು ಡಿಸ್ಕ್ ಕೈಕೊಟ್ಟರೆ ಎಲ್ಲ ಹೋಯಿತು. ರೇಡ್ 5ಕ್ಕೆ ಕನಿಷ್ಠ ಮೂರು ಡಿಸ್ಕ್ ಬೇಕು. ಮನೆಗೆ ಅದೆಲ್ಲ ಯಾಕೆ?

ಮದರ್‌ಬೋರ್ಡಿನ ಬಯೋಸಿನಲ್ಲೇ (ಕಂಪ್ಯೂಟರ್ ಆನ್ ಆದಾಗ ಓಎಸ್‌ಗಿಂತ ಮೊದಲು ಓಡುವ ಪ್ರೋಗ್ರಾಮು) ರೇಡ್ ಅಂತ ಒಂದು ಆಯ್ಕೆ ಕಾಣುತ್ತದೆ. ಅದನ್ನು ಮುಟ್ಟಬೇಡಿ, ಡಿಸ್ಕ್ ಜೋಡಣೆಯ ಬಗೆ ಹೇಳುವ ಸಾಟಾ ಮೋಡನ್ನು ಎಎಚ್‌ಸಿಐಯಲ್ಲೇ ಬಿಡಿ. ನಮ್ಮ ಕರಾವಳಿಯಲ್ಲಿ ಮೇ ತಿಂಗಳ ಸಂಜೆಯ ಸಿಡಿಲಿಗೆ ಮೊದಲು ಸುಟ್ಟು ಹೋಗುವುದು ಬೋರ್ಡು. ಬೋರ್ಡಿನ ರೇಡ್ ಆದರೆ ಅದಕ್ಕೆ ಹೊಂದುವ ಇನ್ನೊಂದು ಬೋರ್ಡು ಹುಡುಕಿಕೊಂಡು ಅಲೆಯಬೇಕು. ಲಿನಕ್ಸಿನದೇ ರೇಡ್ ಆದರೆ ಡಿಸ್ಕುಗಳನ್ನು ಕಳಚಿ, ಲಿನಕ್ಸ್ ಇರುವ ಯಾವ ಕಂಪ್ಯೂಟರಿಗೆ ಹಾಕಿದರೂ ಓದುತ್ತದೆ. ರೇಡಿನ ವಿವರ ಡಿಸ್ಕಿನ ಮೇಲೇ ಬರೆದಿರುತ್ತದೆ.

ಈಗ ಪಾರ್ಟಿಷನ್, ಅಂದರೆ ಡಿಸ್ಕಿಗೆ ಗೆರೆ ಎಳೆದು ಭಾಗ ಮಾಡುವುದು. ಬಹಳ ಜನ ಎರಡು ಡಿಸ್ಕನ್ನೂ ಪೂರ್ತಿ ಸೇರಿಸಿ ಒಂದೇ ರೇಡ್ ಮಾಡಿಬಿಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಎಲ್ಲ ಫೈಲಿಗೂ ಎರಡು ಪ್ರತಿ ಬೇಕಾಗಿಲ್ಲ ಅಲ್ವಾ? ಹೋದರೆ ಮತ್ತೆ ಸಿಗದ್ದು ಯಾವುದು ಅಂತ ಮೊದಲು ನೋಡಿ. ನಮ್ಮಲ್ಲಿ ಅದು ಆಟದ ಮೂಲ ರೆಕಾರ್ಡಿಂಗು, ಹಳೇ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಪದಗಳು, ಮನೆಯವರ ಫೋಟೋ. ಸಿನಿಮಾ ಮತ್ತು ಎಡಿಟಿಂಗಿನ ತಾತ್ಕಾಲಿಕ ಫೈಲುಗಳಿಗೆ ಒಂದು ಪ್ರತಿ ಸಾಕು, ಅದೂ ಹೋದರೆ ಹೋಗಲಿ.

ಗಾತ್ರದ ಅಂದಾಜು ಹೀಗೆ ಮಾಡಿ. ಸಿಡಿ ಗುಣಮಟ್ಟದ ವೇವ್ ಫೈಲು ಗಂಟೆಗೆ ಸುಮಾರು 635 ಎಂಬಿ. ಎಂಟು ಗಂಟೆಯ ಆಟಕ್ಕೆ 5 ಜಿಬಿ ಆಯಿತು, ಅದೇನೂ ಹೆಚ್ಚಲ್ಲ. ವಿಡಿಯೋ ಮಾತ್ರ ಜಾಗ ನುಂಗುತ್ತದೆ. ಸೆಕೆಂಡಿಗೆ 24 ಮೆಗಾಬಿಟ್‌ನಲ್ಲಿ ಹಿಡಿದರೆ ಗಂಟೆಗೆ 10.8 ಜಿಬಿ. ಚೌಕಿ ಪೂಜೆಗೆ ಕ್ಯಾಮರಾ ಆನ್ ಮಾಡಿದವರು ಮಂಗಳ ಪದಕ್ಕೆ ಆಫ್ ಮಾಡುವಾಗ 86 ಜಿಬಿ ತುಂಬಿರುತ್ತದೆ. 3 ಟಿಬಿಯಲ್ಲಿ ಇಂಥ ಮೂವತ್ತನಾಲ್ಕು ರಾತ್ರಿ ಹಿಡಿಸುತ್ತವೆ. ಹಾಗಾಗಿ ಪ್ರತಿ ಡಿಸ್ಕಿನಲ್ಲೂ ಮೊದಲ 3 ಟಿಬಿ ರೇಡಿಗೆ, ಉಳಿದ 1 ಟಿಬಿ ಸಾದಾ ಪಾರ್ಟಿಷನ್. ಒಂದು ಡಿಸ್ಕಿನ ಸಾದಾ ಭಾಗ ಎಡಿಟಿಂಗಿಗೆ, ಇನ್ನೊಂದರದ್ದು ಸಿನಿಮಾಕ್ಕೆ.

ಹೀಗೆ ಮಾಡುವುದರಿಂದ ಇನ್ನೊಂದು ಉಪಯೋಗವೂ ಇದೆ. 4 ಟಿಬಿ ಅಂತ ಬರೆದ ಡಿಸ್ಕುಗಳೆಲ್ಲ ಕೊನೆಯ ಬೈಟಿನವರೆಗೆ ಒಂದೇ ಗಾತ್ರ ಇರಬೇಕೆಂದಿಲ್ಲ. ಪೂರ್ತಿ ಡಿಸ್ಕನ್ನೇ ರೇಡಿಗೆ ಕೊಟ್ಟಿದ್ದು, ಮುಂದೆ ತಂದ ಬದಲಿ ಡಿಸ್ಕ್ ಕೂದಲಿನಷ್ಟು ಚಿಕ್ಕದಾದರೂ ಲಿನಕ್ಸ್ ಅದನ್ನು ಸೇರಿಸಿಕೊಳ್ಳುವುದಿಲ್ಲ. ಗೆರೆ 3 ಟಿಬಿಯಲ್ಲೇ ಇದ್ದರೆ ಆ ತಲೆನೋವಿಲ್ಲ. ಇನ್ನು, ಹಾಗೆ ಪೂರ್ತಿ ರೇಡಿಗೆ ಕೊಟ್ಟ, ಪಾರ್ಟಿಷನ್ ಟೇಬಲ್ಲೇ (ಭಾಗಗಳ ಪಟ್ಟಿ) ಇಲ್ಲದ ಡಿಸ್ಕನ್ನು ಯಾರಾದರೂ ವಿಂಡೋಸಿಗೆ ಹಾಕಿದರೆ ಅದು ಖಾಲಿ ಡಿಸ್ಕ್ ಅಂದುಕೊಂಡು ‘ಇನಿಷಿಯಲೈಸ್ ಮಾಡಲಾ?’ ಅಂತ ಕೇಳುತ್ತದೆ. ಗೊತ್ತಿಲ್ಲದವರು ಓಕೆ ಒತ್ತಿದರೆ ಕಥೆ ಮುಗಿಯಿತು.

ಡಿಸ್ಕಿನ ಮೇಲೆ ಬರೆಯುವ ವಿಧಾನದಲ್ಲಿ ಸಿಎಂಆರ್, ಎಸ್‌ಎಂಆರ್ ಅಂತ ಎರಡು ಬಗೆ, ಕೊಳ್ಳುವಾಗ ಸಿಎಂಆರ್ ಅಂತ ಕೇಳಿ ತನ್ನಿ. ಎಸ್‌ಎಂಆರ್ ಡಿಸ್ಕುಗಳು ರೇಡನ್ನು ಮತ್ತೆ ಕಟ್ಟುವಾಗ ತೀರಾ ನಿಧಾನ. ಎರಡನ್ನೂ ಒಂದೇ ಪೆಟ್ಟಿಗೆಯಿಂದ ತೆಗೆಸಿಕೊಳ್ಳಬೇಡಿ. ಒಂದು ಉಡುಪಿಯಲ್ಲಿ, ಇನ್ನೊಂದು ಮಂಗಳೂರಿಗೆ ಹೋದಾಗ ತೆಗೆದುಕೊಂಡರೆ ಒಳ್ಳೆಯದು. ಕೂರಿಸುವ ಮೊದಲು ಪ್ರತಿ ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರಗಳನ್ನು ಬಿಳಿ ಸ್ಟಿಕ್ಕರಿನ ಮೇಲೆ ದಪ್ಪಗೆ ಬರೆದು, ಕ್ಯಾಬಿನೆಟ್ ತೆಗೆದ ಕೂಡಲೇ ಕಾಣುವ ಬದಿಗೆ ಅಂಟಿಸಿ. ಡಿಸ್ಕ್ ಕೆಟ್ಟಾಗ ಲಿನಕ್ಸ್ ನಿಮಗೆ ಹೇಳುವುದು ಹೆಸರು ಮತ್ತು ನಂಬರು. ಎಡಗಡೆಯದ್ದೋ ಬಲಗಡೆಯದ್ದೋ ಅಂತ ಅದಕ್ಕೆ ಗೊತ್ತಿಲ್ಲ. ಸರಿ ಇರುವ ಡಿಸ್ಕನ್ನೇ ಕಿತ್ತು ಕೆಟ್ಟದ್ದನ್ನು ಒಳಗೇ ಬಿಟ್ಟರೆ ಏನು ಗತಿ?

ಡಿಸ್ಕಿನಲ್ಲಿ ಹಳೇ ಫೈಲಿದ್ದರೆ ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಇನ್‌ಸ್ಟಾಲ್ ಮಾಡಲು ಬೇಕಾದ ಪೆನ್‌ಡ್ರೈವ್ ಒಂದನ್ನು ಬಿಟ್ಟು ಉಳಿದ ಯುಎಸ್‌ಬಿ ಡಿಸ್ಕುಗಳನ್ನೆಲ್ಲ ತೆಗೆದಿಡಿ. ಯುಪಿಎಸ್ ಇರಲಿ. ಗುಡುಗು ಕೇಳುವ ದಿನ ಈ ಕೆಲಸಕ್ಕೆ ಕೂರಬೇಡಿ.

ಡೆಬಿಯನ್ ಇನ್‌ಸ್ಟಾಲರ್ ಪಾರ್ಟಿಷನ್ ಹಂತಕ್ಕೆ ಬಂದಾಗ ‘ಮ್ಯಾನ್ಯುಯಲ್’ ಆರಿಸಿ. ಎಸ್‌ಎಸ್‌ಡಿಯಲ್ಲಿ 512 ಎಂಬಿಯ ಇಎಫ್‌ಐ ಪಾರ್ಟಿಷನ್ (ಬೂಟ್ ಶುರುವಾಗುವ ಜಾಗ), ಸ್ವಲ್ಪ ಸ್ವ್ಯಾಪ್ (ರ‍್ಯಾಮ್ ಸಾಲದಾದಾಗ ಬಳಸುವ ಜಾಗ), ಉಳಿದದ್ದು ರೂಟ್ (ಓಎಸ್ ಕೂರುವ ಜಾಗ). ಇದಕ್ಕೆ ರೇಡ್ ಬೇಡ. ಓಎಸ್ ಹೋದರೆ ಮತ್ತೆ ಹಾಕಿಕೊಂಡರಾಯಿತು. ಅಲ್ಲದೆ ಬೋರ್ಡಿನ ಫರ್ಮ್‌ವೇರಿಗೆ ಲಿನಕ್ಸಿನ ರೇಡ್ ಅರ್ಥವಾಗುವುದಿಲ್ಲ, ಇಎಫ್‌ಐ ಭಾಗವನ್ನು ರೇಡಿನೊಳಗೆ ತುರುಕಲು ಹೋದರೆ ಸುಮ್ನೆ ರಗಳೆ.

ಆಮೇಲೆ ಮೊದಲ ಹಾರ್ಡ್ ಡಿಸ್ಕಿನ ಹೆಸರಿನ ಮೇಲೆ ಎಂಟರ್ ಒತ್ತಿ ಹೊಸ ಪಾರ್ಟಿಷನ್ ಟೇಬಲ್ ಮಾಡಿ. ಯಾವ ಬಗೆ ಅಂತ ಕೇಳಿದರೆ ಜಿಪಿಟಿ. ಹಳೇ ಎಂಬಿಆರ್ 2 ಟಿಬಿಯ ಆಚೆ ನೋಡುವುದಿಲ್ಲ. ‘ಫ್ರೀ ಸ್ಪೇಸ್’ ಮೇಲೆ ಹೋಗಿ ಹೊಸ ಪಾರ್ಟಿಷನ್, ಗಾತ್ರ 3 ಟಿಬಿ, ಜಾಗ ‘ಬಿಗಿನಿಂಗ್’. ‘ಯೂಸ್ ಆ್ಯಸ್’ ಎನ್ನುವಲ್ಲಿ ‘ಫಿಸಿಕಲ್ ವಾಲ್ಯೂಮ್ ಫಾರ್ ರೇಡ್’ ಆರಿಸಿ. ಉಳಿದ ಜಾಗಕ್ಕೆ ಲಿನಕ್ಸಿನ ಫೈಲ್ ಸಿಸ್ಟಮ್ ಆದ ಎಕ್ಸ್ಟ್4 ಕೊಡಿ. ಎರಡನೇ ಡಿಸ್ಕಿಗೂ ಅದೇ ಅಂಕಿ, ಅದೇ ಕ್ರಮ.

ಈಗ ಪಟ್ಟಿಯ ಮೇಲ್ಗಡೆ ‘ಕಾನ್ಫಿಗರ್ ಸಾಫ್ಟ್‌ವೇರ್ ರೇಡ್’ ಎಂಬ ಸಾಲು ಇರುತ್ತದೆ. ಅದನ್ನು ಒತ್ತಿದರೆ ಇಲ್ಲಿಯವರೆಗಿನ ಬದಲಾವಣೆ ಡಿಸ್ಕಿಗೆ ಬರೆಯಲಾ ಅಂತ ಕೇಳುತ್ತದೆ. ಇಲ್ಲಿ ಒಂದು ಲೋಟ ಚಾ ಕುಡಿದು ಬನ್ನಿ, ಪಟ್ಟಿ ಮತ್ತೊಮ್ಮೆ ಓದಿ. ಯೆಸ್ ಅಂದ ಮೇಲೆ ಹಳೆಯದು ವಾಪಸ್ ಬರುವುದಿಲ್ಲ. ನಂತರ ‘ಕ್ರಿಯೇಟ್ ಎಂಡಿ ಡಿವೈಸ್’, ರೇಡ್ 1, ಆಕ್ಟಿವ್ ಡಿವೈಸ್ 2, ಸ್ಪೇರ್ 0. ಎರಡೂ 3 ಟಿಬಿ ಪಾರ್ಟಿಷನ್ನುಗಳಿಗೆ ಗುರುತು ಹಾಕಿ ‘ಫಿನಿಶ್’.

ಹಿಂದೆ ಬಂದರೆ ಪಟ್ಟಿಯಲ್ಲಿ ಹೊಸದೊಂದು ಡಿಸ್ಕಿನಂತೆ ರೇಡ್ ಕಾಣುತ್ತದೆ. ಅದಕ್ಕೂ ಎಕ್ಸ್ಟ್4 ಕೊಟ್ಟು ಮೌಂಟ್ ಪಾಯಿಂಟ್ (ಅದು ಯಾವ ಫೋಲ್ಡರಾಗಿ ಕಾಣಬೇಕು ಅಂತ) ಬರೆಯಿರಿ. ಅಲ್ಲೇ ಕೆಳಗೆ ‘ರಿಸರ್ವ್ಡ್ ಬ್ಲಾಕ್ಸ್’ ಶೇಕಡಾ 5 ಅಂತ ಇರುತ್ತದೆ, 0 ಮಾಡಿ. ಓಎಸ್ ಇರುವ ಪಾರ್ಟಿಷನ್ನಿಗೆ ಆ ಮೀಸಲು ಬೇಕು, ಬರೀ ರೆಕಾರ್ಡಿಂಗ್ ಇಡುವಲ್ಲಿ ಬೇಡ. 3 ಟಿಬಿಯ ಶೇಕಡಾ 5 ಅಂದರೆ 150 ಜಿಬಿ, ಒಂದೂವರೆ ರಾತ್ರಿಗಿಂತ ಜಾಸ್ತಿ ವಿಡಿಯೋ.

ಮೊದಲ ಬಾರಿ ಎರಡೂ ಡಿಸ್ಕನ್ನು ಸಮ ಮಾಡಲು ಲಿನಕ್ಸಿಗೆ ಹೊತ್ತು ಬೇಕು. ಸೆಕೆಂಡಿಗೆ 150 ಎಂಬಿ ವೇಗವಿದ್ದರೆ ಐದೂವರೆ ಗಂಟೆ. ಆ ಹೊತ್ತಿನಲ್ಲಿ ಕಂಪ್ಯೂಟರ್ ಬಳಸಬಹುದು. ಎಲ್ಲಿಯವರೆಗೆ ಬಂತು ಅಂತ ಪ್ರಾಕ್ ಫೋಲ್ಡರಿನ ಎಂಡಿಸ್ಟ್ಯಾಟ್ ಎಂಬ ಫೈಲಿನಲ್ಲಿ ನೋಡಿ. ಎಲ್ಲ ಸರಿಯಾದ ಮೇಲೆ ಸಾಲಿನ ತುದಿಯಲ್ಲಿ ಚೌಕ ಕಂಸದೊಳಗೆ ಎರಡು ‘ಯು’ ಅಕ್ಷರ ಇರುತ್ತವೆ. ಒಂದು ‘ಯು’ ಜಾಗದಲ್ಲಿ ಬರೀ ಅಡಿಗೆರೆ ಕಂಡರೆ ಆ ಡಿಸ್ಕ್ ರೇಡಿನಿಂದ ಹೊರಗಿದೆ ಎಂದರ್ಥ.

ರೆಕಾರ್ಡಿಂಗ್ ತುಂಬುವ ಮೊದಲೇ ಪರೀಕ್ಷೆ ಮಾಡಿ. ಕಂಪ್ಯೂಟರ್ ಆಫ್ ಮಾಡಿ, ಒಂದು ಡಿಸ್ಕಿನ ಸಾಟಾ ಕೇಬಲ್ ತೆಗೆದು ಆನ್ ಮಾಡಿ. ಆ ಡಿಸ್ಕಿನ ಸಾದಾ ಪಾರ್ಟಿಷನ್ ಸಿಗದೆ ಬೂಟ್ ನಿಂತುಬಿಡಬಹುದು, ಅದಕ್ಕೆ ಬೂಟ್ ಆಗುವಾಗ ತೆರೆಯಬೇಕಾದ ಪಾರ್ಟಿಷನ್ನುಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಸಾದಾ ಪಾರ್ಟಿಷನ್ನುಗಳ ಎದುರು ‘ನೋಫೇಲ್’ ಅಂತ ಮುಂಚೆಯೇ ಸೇರಿಸಿ. ರೇಡಿನ ಫೈಲುಗಳು ತೆರೆಯಬೇಕು, ಎಂಡಿಸ್ಟ್ಯಾಟಿನಲ್ಲಿ ಅಡಿಗೆರೆ ಕಾಣಬೇಕು. ಮತ್ತೆ ಆಫ್ ಮಾಡಿ ಕೇಬಲ್ ಸಿಕ್ಕಿಸಿ, ಎಂಡಿಎಡಿಎಂ ಪ್ರೋಗ್ರಾಮಿನಿಂದ ಆ ಪಾರ್ಟಿಷನ್ನನ್ನು ವಾಪಸ್ ಸೇರಿಸಿ. ಬಿಟ್‌ಮ್ಯಾಪ್ (ಎಲ್ಲೆಲ್ಲಿ ಬದಲಾಗಿದೆ ಎಂಬ ಗುರುತಿನ ಪಟ್ಟಿ) ಇದ್ದರೆ ಬೇಗ ಮುಗಿಯುತ್ತದೆ, ಇಲ್ಲದಿದ್ದರೆ ಮತ್ತೆ ಪೂರ್ತಿ ಓಡುತ್ತದೆ.

ತಿಂಗಳ ಮೊದಲ ಭಾನುವಾರ ಕಂಪ್ಯೂಟರ್ ನಿಧಾನವಾದರೆ ಗಾಬರಿ ಬೇಡ. ಡೆಬಿಯನ್ ತಾನಾಗಿ ಎರಡೂ ಪ್ರತಿಗಳನ್ನು ತಾಳೆ ನೋಡುವ ದಿನ ಅದು. ರಾತ್ರಿ ಕಂಪ್ಯೂಟರ್ ಆಫ್ ಮಾಡುವ ಮನೆಯಾದರೆ ಅದರ ಹಿಂದಿನ ಶನಿವಾರ ಒಂದು ರಾತ್ರಿ ಆನ್ ಇಡಿ.

ರೇಡ್ ಇದೆ ಅಂತ ಬ್ಯಾಕಪ್ ಬಿಡಬೇಡಿ. ನೀವು ತಪ್ಪಿ ಅಳಿಸಿದ ಫೈಲು ಎರಡು ಡಿಸ್ಕಿನಿಂದಲೂ ಅದೇ ಕ್ಷಣ ಹೋಗುತ್ತದೆ. ಸಿಡಿಲಿಗೂ ಒಂದನ್ನು ಸುಟ್ಟು ಇನ್ನೊಂದನ್ನು ಬಿಡುವ ನಿಯಮವೇನಿಲ್ಲ. ಮೂರನೇ ಪ್ರತಿ ಒಂದು ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ, ಬೇರೆ ಮನೆಯಲ್ಲಿ ಇರಲಿ. ನಮ್ಮದು ಕಾರ್ಕಳದಲ್ಲಿ ಅಕ್ಕನ ಮನೆಯ ಗೋದ್ರೇಜಿನಲ್ಲಿದೆ, ಮಳೆಗಾಲದ ತೇವಕ್ಕೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿ. ಹಬ್ಬಕ್ಕೆ ಹೋದಾಗ ತಂದು, ಹೊಸದನ್ನು ತುಂಬಿಸಿ, ಮುಂದಿನ ಹಬ್ಬಕ್ಕೆ ಕೊಟ್ಟು ಬರುತ್ತೇನೆ.