ಹೊಸ ಕಾರು: ಪೂರ್ತಿ ಹಣ ಕಟ್ಟುವುದೋ, ಶೋರೂಮಿನ ಸಾಲ ತೆಗೆದುಕೊಳ್ಳುವುದೋ?

ಶೋರೂಮಿನಲ್ಲಿ ಕೂತ ಐದು ನಿಮಿಷಕ್ಕೇ ಪ್ರಶ್ನೆ ಬರುತ್ತದೆ: ‘ಲೋನಾ ಸರ್, ಫುಲ್ ಪೇಮೆಂಟಾ?’ ಇದಕ್ಕೆ ಆಗಲೇ ಉತ್ತರ ಕೊಡಬೇಡಿ. ‘ಅದು ಆಮೇಲೆ, ಮೊದಲು ಗಾಡಿ ರೇಟು ಮಾತಾಡೋಣ’ ಅನ್ನಿ. ಡೀಲರಿಗೆ ಕಾರಿನಿಂದ ಮಾತ್ರವಲ್ಲ, ಸಾಲ, ವಿಮೆ, ಆಕ್ಸೆಸರಿ, ಎಕ್ಸ್‌ಟೆಂಡೆಡ್ ವಾರಂಟಿ ಎಲ್ಲದರಿಂದಲೂ ಆದಾಯವಿದೆ. ಸಾಲ ಮಾಡಿಸಿಕೊಟ್ಟರೆ ಬ್ಯಾಂಕು ಅಥವಾ ಫೈನಾನ್ಸ್ ಕಂಪನಿ ಅವರಿಗೆ ಕಮಿಷನ್ ಕೊಡುತ್ತದೆ. ಹಾಗಾಗಿ ಕಾರಿನ ಬೆಲೆಯಲ್ಲಿ ಬಿಟ್ಟದ್ದನ್ನು ಬಡ್ಡಿಯಲ್ಲಿ ವಾಪಸ್ ಪಡೆಯಲು ಅವಕಾಶವಿರುತ್ತದೆ. ಬೆಲೆ ಮತ್ತು ಸಾಲದ ಮಾತು ಬೆರೆತರೆ ಎಷ್ಟು ಉಳಿಯಿತು, ಎಷ್ಟು ಹೋಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಮೊದಲ ಕೆಲಸ, ಒಂದೇ ಮಾಡೆಲ್, ಒಂದೇ ವೇರಿಯಂಟಿಗೆ ಎರಡು ಕೊಟೇಶನ್ ಬರೆಸಿಕೊಳ್ಳುವುದು: ಅವರಲ್ಲೇ ಸಾಲ ಮಾಡಿದರೆ ಒಂದು, ಪೂರ್ತಿ ಹಣ ಕಟ್ಟಿದರೆ ಇನ್ನೊಂದು. ಎಕ್ಸ್‌ಶೋರೂಮ್ ಬೆಲೆ (ತೆರಿಗೆ, ವಿಮೆ ಸೇರದ ಬೆಲೆ), ಲೈಫ್‌ಟೈಮ್ ಟ್ಯಾಕ್ಸ್, ವಿಮೆ, ಫಾಸ್ಟ್ಯಾಗ್, ಆಕ್ಸೆಸರಿ, ವಾರಂಟಿ ಇವೆಲ್ಲ ಬೇರೆ ಬೇರೆ ಸಾಲಿನಲ್ಲಿರಲಿ. ‘ಹ್ಯಾಂಡ್ಲಿಂಗ್’, ‘ಲಾಜಿಸ್ಟಿಕ್ಸ್’ ಎಂಬ ಹೆಸರಿನಲ್ಲಿ ಸಾವಿರಗಟ್ಟಲೆ ಸೇರಿದ್ದರೆ ಯಾಕೆ ಎಂದು ಕೇಳಿ, ತೆಗೆಸಿ. 10 ಲಕ್ಷ ದಾಟಿದ ಕಾರಿಗೆ ಶೇ. 1 ಟಿಸಿಎಸ್, ಅಂದರೆ ಮಾರುವವರು ನಿಮ್ಮಿಂದ ಮೊದಲೇ ಹಿಡಿಯುವ ತೆರಿಗೆ, ಬೀಳುತ್ತದೆ. ಅದು ಖರ್ಚಲ್ಲ. ನಿಮ್ಮ ಪ್ಯಾನ್ ಮೇಲೆ ಜಮೆಯಾಗಿ ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಾಣಿಕೆಯಾಗುತ್ತದೆ, ಮರೆಯದೆ ತೋರಿಸಿ.

ಎರಡೂ ಕೊಟೇಶನ್ ಕೈಯಲ್ಲಿದ್ದಾಗ ನೋಡಬೇಕಾದದ್ದು ಒಂದೇ: ಸಾಲ ಬೇಡ ಎಂದವರಿಗೆ ಆನ್‌ರೋಡ್ ಬೆಲೆ (ತೆರಿಗೆ, ವಿಮೆ ಎಲ್ಲ ಸೇರಿದ ಬೆಲೆ) ಎಷ್ಟು ಕಡಿಮೆ ಅಥವಾ ಎಷ್ಟು ಹೆಚ್ಚು? ಆ ವ್ಯತ್ಯಾಸವನ್ನೂ ಸಾಲದ ಲೆಕ್ಕಕ್ಕೆ ತರಬೇಕು.

‘ದುಡ್ಡು ಎಫ್‌ಡಿಯಲ್ಲೇ ಇರಲಿ, ಲೋನ್ ತಗೊಳ್ಳಿ’

ಸೇಲ್ಸ್‌ನವರು ಹೆಚ್ಚಾಗಿ ಬಳಸುವ ವಾದ ಇದು. ಕೇಳಿದ ಕೂಡಲೇ ನಿಜ ಅನ್ನಿಸುವಂತಿರುವುದರಿಂದ ಬಿಡಿಸಿ ನೋಡೋಣ.

ನಿಮ್ಮ ಹತ್ತಿರ 8 ಲಕ್ಷ ಇದೆ. ಅದನ್ನು ಶೇ. 6.5ಕ್ಕೆ ಐದು ವರ್ಷ ಠೇವಣಿ ಇಟ್ಟರೆ ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಸೇರಿ ಸುಮಾರು 11.04 ಲಕ್ಷ ಆಗುತ್ತದೆ, ಅಂದರೆ 3.04 ಲಕ್ಷ ಬಡ್ಡಿ. ಅದೇ 8 ಲಕ್ಷವನ್ನು ಶೇ. 9ಕ್ಕೆ ಐದು ವರ್ಷದ ಸಾಲವಾಗಿ ತಂದರೆ ಕಂತು ತಿಂಗಳಿಗೆ 16,607 ರೂಪಾಯಿ, ಒಟ್ಟು ಬಡ್ಡಿ ಸುಮಾರು 1.96 ಲಕ್ಷ. ‘ನೋಡಿ ಸರ್, ಸಾಲ ಮಾಡಿಯೂ ಒಂದು ಲಕ್ಷ ಲಾಭ’ ಎಂದು ಕ್ಯಾಲ್ಕುಲೇಟರ್ ನಿಮ್ಮ ಕಡೆ ತಿರುಗಿಸುತ್ತಾರೆ.

ಇಲ್ಲಿ ಬಿಟ್ಟುಹೋದದ್ದು ಆ 16,607 ರೂಪಾಯಿ. ಠೇವಣಿ ಮುಟ್ಟದೆ ಬಿಟ್ಟರೆ ಕಂತು ಪ್ರತಿ ತಿಂಗಳ ಸಂಬಳದಿಂದಲೇ ಹೋಗಬೇಕು. ಪೂರ್ತಿ ಹಣ ಕಟ್ಟಿದವರಿಗೆ ಆ ಕಂತೇ ಇಲ್ಲ, ಅವರು ಅಷ್ಟೇ ಹಣವನ್ನು ಪ್ರತಿ ತಿಂಗಳ ಕೊನೆಗೆ ಅದೇ ಶೇ. 6.5ರ ಆರ್‌ಡಿಗೆ (ತಿಂಗಳ ಕಂತಿನ ಠೇವಣಿಗೆ) ಹಾಕಿದರೆ ಐದು ವರ್ಷಕ್ಕೆ ಸುಮಾರು 11.72 ಲಕ್ಷ ಕೂಡುತ್ತದೆ. ಇಬ್ಬರ ಬಳಿಯೂ ಕಾರಿದೆ, ಇಬ್ಬರ ಸಂಬಳದಿಂದಲೂ ಅಷ್ಟೇ ಹೋಗಿದೆ. ಸಾಲ ಮಾಡಿದವರ ಕೈಯಲ್ಲಿ 11.04 ಲಕ್ಷ, ಮಾಡದವರ ಕೈಯಲ್ಲಿ 11.72 ಲಕ್ಷ. ವ್ಯತ್ಯಾಸ 68,000 ರೂಪಾಯಿ, ಲೋನ್ ಬೇಡ ಎಂದವರ ಪರವಾಗಿ.

ಠೇವಣಿಯ ಬಡ್ಡಿಗೆ ತೆರಿಗೆ ಉಂಟು ಎಂಬುದನ್ನೂ ಸೇರಿಸಿ. ಶೇ. 30ರ ಸ್ಲ್ಯಾಬಿನವರಿಗೆ ಶೇ. 6.5 ಅಂದರೆ ಕೈಗೆ ಸಿಗುವುದು ಶೇ. 4.5ರಷ್ಟು. ಕಾರಿನ ಸಾಲದ ಬಡ್ಡಿಗಾದರೋ ಸಂಬಳದಾರರಿಗೆ ಯಾವ ವಿನಾಯಿತಿಯೂ ಇಲ್ಲ. ಎಲೆಕ್ಟ್ರಿಕ್ ವಾಹನದ ಸಾಲಕ್ಕೆ ವರ್ಷಕ್ಕೆ 1.5 ಲಕ್ಷದವರೆಗೆ ಕೊಟ್ಟಿದ್ದ ವಿನಾಯಿತಿ 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ. ಅದನ್ನು ಹೊಸ ಗಿರಾಕಿಗೆ ಹೇಳಿದರೆ ನಂಬಬೇಡಿ. ಒಟ್ಟಿನಲ್ಲಿ, ತೆರಿಗೆ ಕಳೆದು ನಿಮ್ಮ ಹಣ ಗಳಿಸುವ ದರ ಸಾಲದ ದರಕ್ಕಿಂತ ಹೆಚ್ಚಿದ್ದರೆ ಮಾತ್ರ ಸಾಲದಿಂದ ಲಾಭ. ಮ್ಯೂಚುವಲ್ ಫಂಡಿನಲ್ಲಿ ಶೇ. 12 ಬರಬಹುದು ಅಂತ ಸಾಲ ಮಾಡುವವರಿದ್ದಾರೆ, ಅಲ್ಲಿ ಶೇ. 12 ಬರಬಹುದು, ಬರದೆಯೂ ಇರಬಹುದು, ಇಲ್ಲಿ ಶೇ. 9 ಮಾತ್ರ ಕಟ್ಟಲೇಬೇಕು.

ಬಡ್ಡಿ ದರ ಕೇಳುವ ರೀತಿ

‘ಬರೀ ಶೇ. 7 ಸರ್’ ಅಂದರೆ ‘ಫ್ಲಾಟಾ, ರೆಡ್ಯೂಸಿಂಗಾ?’ ಎಂದು ಕೇಳಿ. ಫ್ಲಾಟ್ ಲೆಕ್ಕದಲ್ಲಿ ನೀವು ತೀರಿಸಿದ ಅಸಲಿಗೂ ಕೊನೆಯವರೆಗೆ ಬಡ್ಡಿ ಬೀಳುತ್ತದೆ, ರೆಡ್ಯೂಸಿಂಗ್‌ನಲ್ಲಿ ಬಾಕಿ ಉಳಿದ ಅಸಲಿಗೆ ಮಾತ್ರ. 8 ಲಕ್ಷಕ್ಕೆ ಶೇ. 7 ಫ್ಲಾಟ್ ಅಂದರೆ ವರ್ಷಕ್ಕೆ 56,000, ಐದು ವರ್ಷಕ್ಕೆ 2.8 ಲಕ್ಷ ಬಡ್ಡಿ, ಕಂತು 18,000. ಇದು ಶೇ. 12.5ರ ರೆಡ್ಯೂಸಿಂಗ್ ಸಾಲಕ್ಕೆ ಸಮ. ಶೇ. 9ರ ಬ್ಯಾಂಕ್ ಸಾಲಕ್ಕಿಂತ 84,000 ಹೆಚ್ಚು.

ದರದ ಆಚೆಗೂ ಕಡಿತಗಳಿವೆ. 8 ಲಕ್ಷ ಸಾಲದಲ್ಲಿ 5,000 ಪ್ರೊಸೆಸಿಂಗ್ ಶುಲ್ಕ, 20,000 ಸಾಲದ ವಿಮೆ ಎಂದು ಮೊದಲೇ ಹಿಡಿದುಕೊಂಡರೆ ನಿಮಗೆ ಸಿಕ್ಕಿದ್ದು 7.75 ಲಕ್ಷ, ಕಂತು ಮಾತ್ರ 8 ಲಕ್ಷದ್ದೇ. ಶೇ. 9ರ ಸಾಲ ಆಗಲೇ ಶೇ. 10.4ರಷ್ಟಾಯಿತು. ಇದನ್ನು ಹಿಡಿಯಲು ನಿಮಗೊಂದು ಒಳ್ಳೆಯ ದಾಖಲೆ ಇದೆ. 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆಲ್ಲ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೊಡುವುದನ್ನು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಅದರಲ್ಲಿ ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರ, ಅಂದರೆ ಎಪಿಆರ್ ಇರುತ್ತದೆ. ಬೇರೆ ಬೇರೆ ಬ್ಯಾಂಕುಗಳನ್ನು ಹೋಲಿಸಬೇಕಾದದ್ದು ಈ ಎಪಿಆರ್ ಇಟ್ಟುಕೊಂಡು. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲೇ ಅದು ಇರಬೇಕು ಎಂಬುದೂ ನಿಯಮ, ಆದ್ದರಿಂದ ಕನ್ನಡದಲ್ಲಿ ಕೇಳಲು ಹಿಂಜರಿಯಬೇಡಿ. ಅದರಲ್ಲಿ ಹೇಳಿದ ಷರತ್ತುಗಳು ಕನಿಷ್ಠ ಮೂರು ಕೆಲಸದ ದಿನ ಊರ್ಜಿತದಲ್ಲಿರಬೇಕು. ‘ಈ ಆಫರ್ ಇವತ್ತು ಸಂಜೆವರೆಗೆ ಮಾತ್ರ, ಸೈನ್ ಮಾಡಿ’ ಎಂಬ ಒತ್ತಾಯಕ್ಕೆ ಮಣಿಯಬೇಕಿಲ್ಲ. ಮನೆಗೆ ತಂದು ಓದಿ.

ಶೋರೂಮಿಗೆ ಹೋಗುವ ಮೊದಲೇ ನಿಮ್ಮ ಸಂಬಳದ ಖಾತೆ ಇರುವ ಬ್ಯಾಂಕಿನಲ್ಲೂ ಒಂದು ಸರ್ಕಾರಿ ಬ್ಯಾಂಕಿನಲ್ಲೂ ದರ ವಿಚಾರಿಸಿಡಿ. ಕೈಯಲ್ಲಿ ಇನ್ನೊಂದು ದರ ಇದ್ದರೆ ಡೀಲರ್ ಹೇಳಿದ ದರ ಎಷ್ಟೋ ಸಲ ಅಲ್ಲೇ ಇಳಿಯುತ್ತದೆ.

ಕಡಿಮೆ ಬಡ್ಡಿಯ ಸ್ಕೀಮು

ಹಬ್ಬದ ಸಮಯದಲ್ಲಿ, ವರ್ಷದ ಕೊನೆಯಲ್ಲಿ ಶೇ. 5ರಂಥ ದರಗಳು ಬರುತ್ತವೆ. ಆ ಕೊರತೆಯನ್ನು ಕಾರು ಕಂಪನಿ ತುಂಬುತ್ತದೆ, ಅನೇಕ ಸಲ ನಿಮಗೆ ಸಿಗಬೇಕಿದ್ದ ರಿಯಾಯಿತಿಯಿಂದಲೇ. ಬಡ್ಡಿಯೇ ಇಲ್ಲದ ಸಾಲ ಎಂಬುದು ಇರಲು ಸಾಧ್ಯವಿಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಸ್ಪಷ್ಟವಾಗಿ ಹೇಳಿತ್ತು.

ಲೆಕ್ಕ ಹೀಗೆ: 6 ಲಕ್ಷ, ಮೂರು ವರ್ಷ, ಶೇ. 5, ಕಂತು 17,983. ಇದೇ ಕಾರಿಗೆ ಪೂರ್ತಿ ಹಣ ಕಟ್ಟುವವರಿಗೆ 40,000 ರಿಯಾಯಿತಿ ಇದೆ, ಸ್ಕೀಮಿನವರಿಗೆ ಇಲ್ಲ. ಹಾಗಿದ್ದರೆ ನೀವು ನಿಜಕ್ಕೂ ಪಡೆದ ಸಾಲ 5.6 ಲಕ್ಷ, ಕಟ್ಟುತ್ತಿರುವುದು ಅದೇ 17,983. ನಿಜವಾದ ಬಡ್ಡಿ ಸುಮಾರು ಶೇ. 9.7. ಮೊಬೈಲಿನ ಯಾವುದೇ ಇಎಂಐ ಕ್ಯಾಲ್ಕುಲೇಟರಿನಲ್ಲಿ ಸಾಲದ ಮೊತ್ತಕ್ಕೆ 5.6 ಲಕ್ಷ ಹಾಕಿ, ಕಂತು 17,983 ಬರುವವರೆಗೆ ದರ ಏರಿಸುತ್ತಾ ಹೋಗಿ, ಉತ್ತರ ಸಿಗುತ್ತದೆ. ರಿಯಾಯಿತಿ ಪೂರ್ತಿ ಉಳಿಸಿಕೊಂಡೂ ಶೇ. 5ಕ್ಕೆ ಸಾಲ ಸಿಗುತ್ತದೆಯೇ? ಹಾಗಿದ್ದರೆ ಹಣ ಇದ್ದವರೂ ಆ ಸಾಲ ತೆಗೆದುಕೊಳ್ಳಬಹುದು.

ಇದರ ತಿರುಗುಮುರುಗೂ ಇದೆ: ‘ನಮ್ಮಲ್ಲಿ ಲೋನ್ ಮಾಡಿದರೆ 30,000 ಹೆಚ್ಚು ಡಿಸ್ಕೌಂಟ್, ಆರು ತಿಂಗಳಿಗೆ ಕ್ಲೋಸ್ ಮಾಡಿ.’ ಕ್ಲೋಸ್ ಮಾಡಲು ಆಗುವ ಖರ್ಚನ್ನು ಅವರು ಹೇಳುವುದಿಲ್ಲ. 8 ಲಕ್ಷ, ಶೇ. 9, ಆರು ಕಂತು ಕಟ್ಟಿದ ಮೇಲೆ ಬಾಕಿ ಸುಮಾರು 7.35 ಲಕ್ಷ. ಅಷ್ಟರಲ್ಲಿ ಬಡ್ಡಿ 34,800 ಹೋಗಿದೆ. ಫೋರ್‌ಕ್ಲೋಶರ್ ಶುಲ್ಕ (ಅವಧಿಗೆ ಮೊದಲೇ ಸಾಲ ಮುಚ್ಚುವ ಶುಲ್ಕ) ಶೇ. 5 ಇದ್ದರೆ 36,750, ಅದರ ಮೇಲೆ ಶೇ. 18 ಜಿಎಸ್‌ಟಿ. ಒಟ್ಟು 78,000. 30,000ಕ್ಕೆ ಆಸೆಪಟ್ಟು ಇಷ್ಟು ಕಳೆದುಕೊಳ್ಳುವುದು ಬೇಡ. ಫ್ಲೋಟಿಂಗ್ ದರದ, ಅಂದರೆ ಬಡ್ಡಿ ಆಗಾಗ ಏರಿಳಿಯುವ ಸಾಲವಾದರೆ ಪರಿಸ್ಥಿತಿ ಬೇರೆ: 2026ರ ಜನವರಿ 1ರಿಂದ ಮಂಜೂರಾಗುವ, ವ್ಯಾಪಾರಕ್ಕಲ್ಲದ ವೈಯಕ್ತಿಕ ಫ್ಲೋಟಿಂಗ್ ಸಾಲಗಳಿಗೆ ಮುಂಚಿತ ಪಾವತಿ ಶುಲ್ಕ ಹಾಕುವಂತಿಲ್ಲ. ಆದರೆ ಕಾರಿನ ಸಾಲ ಬಹಳಷ್ಟು ಕಡೆ ಫಿಕ್ಸೆಡ್ ದರದ್ದೇ ಆಗಿರುವುದರಿಂದ ಯಾವ ಬಗೆ, ಎಷ್ಟು ಕಂತಿನವರೆಗೆ ಮುಚ್ಚುವಂತಿಲ್ಲ, ಶುಲ್ಕ ಎಷ್ಟು ಎಂಬ ಮೂರನ್ನೂ ಒಪ್ಪಂದದಲ್ಲಿ ಓದಿಯೇ ಸಹಿ ಮಾಡಿ.

ಸಾಲವೇ ಸರಿ ಎನ್ನುವ ಸಂದರ್ಭ

ಕಾರಿಗೆ ಹಣ ಕಟ್ಟಿದ ಮೇಲೆ ಆರು ತಿಂಗಳ ಮನೆಖರ್ಚು ಖಾತೆಯಲ್ಲಿ ಉಳಿಯದಿದ್ದರೆ ಪೂರ್ತಿ ಕಟ್ಟಬೇಡಿ. ನಾಳೆ ಆಸ್ಪತ್ರೆ ಖರ್ಚು ಬಂದರೆ ಶೇ. 14ರ ಪರ್ಸನಲ್ ಲೋನಿಗೆ ಓಡುವುದಕ್ಕಿಂತ ಇವತ್ತು ಶೇ. 9ರ ಕಾರ್ ಲೋನ್ ವಾಸಿ. ಅರ್ಧ ಹಣ ಕಟ್ಟಿ ಉಳಿದದ್ದಕ್ಕೆ ಮೂರು ವರ್ಷದ ಸಾಲ ಮಾಡುವುದು ಬಹಳ ಮನೆಗಳಿಗೆ ಹೊಂದುತ್ತದೆ. ಸ್ವಂತ ವ್ಯಾಪಾರ, ವೃತ್ತಿ ಇರುವವರು ಕಾರನ್ನು ಅದಕ್ಕೇ ಬಳಸಿದರೆ ಬಡ್ಡಿಯನ್ನೂ ಸವಕಳಿಯನ್ನೂ ಖರ್ಚಿಗೆ ಹಾಕಬಹುದು, ಅವರ ಲೆಕ್ಕವನ್ನು ಆಡಿಟರ್ ಜೊತೆ ಕೂತು ಮಾಡಬೇಕು.

ಠೇವಣಿ ಇನ್ನು ಕೆಲವೇ ತಿಂಗಳಲ್ಲಿ ಮುಗಿಯುವುದಿದ್ದರೆ ಅದನ್ನು ಮುರಿದು ದಂಡ ಕಟ್ಟುವ ಬದಲು ಅದರ ಮೇಲೆಯೇ ಸಾಲ ತೆಗೆಯಿರಿ. ದರ ಸಾಮಾನ್ಯವಾಗಿ ಠೇವಣಿಯ ಬಡ್ಡಿಗಿಂತ ಶೇ. 1ರಿಂದ 2 ಹೆಚ್ಚು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರೂ ಬರುವುದಿಲ್ಲ. ಈ ದಾರಿಯನ್ನು ಶೋರೂಮಿನಲ್ಲಿ ಯಾರೂ ಹೇಳಿಕೊಡುವುದಿಲ್ಲ.

ಸಾಲ ಮಾಡಿದರೂ ಎಕ್ಸ್‌ಶೋರೂಮ್ ಬೆಲೆಗಷ್ಟೇ ಮಾಡಿ, ‘ಆನ್‌ರೋಡ್ ಶೇ. 100 ಫಂಡಿಂಗ್’ ಬೇಡ. ಕರ್ನಾಟಕದಲ್ಲಿ 10ರಿಂದ 20 ಲಕ್ಷದೊಳಗಿನ ಪೆಟ್ರೋಲ್, ಡೀಸೆಲ್ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸ್ ಶೇ. 17, ಅದರ ಮೇಲೆ ಸೆಸ್. 12 ಲಕ್ಷದ ಕಾರಿಗೆ ತೆರಿಗೆಯೇ ಎರಡು ಲಕ್ಷ ದಾಟುತ್ತದೆ. ಆ ತೆರಿಗೆಗೂ ಸಾಲ ಮಾಡಿದರೆ ಶೇ. 9ರಂತೆ ಐದು ವರ್ಷಕ್ಕೆ ಸುಮಾರು 50,000 ಬಡ್ಡಿ.

ಪೂರ್ತಿ ಹಣ ಕಟ್ಟುವಾಗ

ಪೂರ್ತಿ ಹಣ ಎಂದರೆ ನೋಟಿನ ಕಟ್ಟು ಒಯ್ಯುವುದಲ್ಲ. 2017ರಿಂದ ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ, ಎರಡು ಮೂರು ದಿನಕ್ಕೆ ಹಂಚಿ ಕೊಟ್ಟರೂ ಒಂದೇ ಲೆಕ್ಕ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳುವುದರಿಂದ ಸರಿಯಾದ ಡೀಲರ್ ತೆಗೆದುಕೊಳ್ಳುವುದೂ ಇಲ್ಲ. ಆರ್‌ಟಿಜಿಎಸ್ ಅಥವಾ ಡಿಡಿ ಸೂಕ್ತ. ಹೊಸ ಖಾತೆ ಸೇರಿಸಿದ ಮೊದಲ ದಿನ ಬ್ಯಾಂಕ್ ಆ್ಯಪ್ ದೊಡ್ಡ ಮೊತ್ತ ಕಳಿಸಲು ಬಿಡದಿರಬಹುದು, ಆದ್ದರಿಂದ ಡೀಲರ್ ಖಾತೆಯನ್ನು ಎರಡು ದಿನ ಮೊದಲೇ ಸೇರಿಸಿ, ಒಂದು ರೂಪಾಯಿ ಕಳಿಸಿ ಹೆಸರು ನೋಡಿಕೊಳ್ಳಿ. ಹಣ ಹೋಗಬೇಕಾದದ್ದು ಡೀಲರ್ ಕಂಪನಿಯ ಖಾತೆಗೆ. ಸೇಲ್ಸ್ ಹುಡುಗನ ಯುಪಿಐಗೆ ಬುಕಿಂಗ್ ಹಣವನ್ನೂ ಹಾಕಬೇಡಿ.

ಬುಕಿಂಗ್ ಮೊತ್ತ ಬಿಟ್ಟು ಉಳಿದದ್ದನ್ನು ನಿಮ್ಮ ಗಾಡಿ ಕಣ್ಣಾರೆ ಕಂಡ ಮೇಲೆ ಕಟ್ಟಿ. ಚಾಸಿಸ್ ನಂಬರ್, ತಯಾರಾದ ತಿಂಗಳು, ಬಣ್ಣ, ಗೀರು, ಟೈರು ಎಲ್ಲವನ್ನೂ ನೋಂದಣಿಗೆ ಮೊದಲೇ ಪರೀಕ್ಷಿಸಿ. ನಿಮ್ಮ ಹೆಸರಿಗೆ ನೋಂದಣಿಯಾದ ಮೇಲೆ ಗಾಡಿ ಬದಲಿಸಿ ಎಂದರೆ ನಡೆಯುವುದಿಲ್ಲ. ವಿಮೆಯನ್ನು ಹೊರಗೂ ವಿಚಾರಿಸಿ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ, ಸ್ವಂತ ಹಾನಿಯ ಭಾಗವನ್ನು ಒಂದೇ ವರ್ಷಕ್ಕೆ ಮಾಡಿಸಬಹುದು.

ಸಾಲ ತೀರಿದ ಮೇಲೆ

ಸಾಲದ ಕಾರಿನ ಆರ್‌ಸಿಯಲ್ಲಿ ಹೈಪಾಥಿಕೇಶನ್ (ಸಾಲಕ್ಕೆ ಒತ್ತೆ) ಎಂದು ಬ್ಯಾಂಕಿನ ಹೆಸರಿರುತ್ತದೆ. ಅದಿರುವವರೆಗೆ ಕಾರು ಮಾರಲು, ಬೇರೆ ರಾಜ್ಯಕ್ಕೆ ವರ್ಗಾಯಿಸಲು ಬ್ಯಾಂಕಿನ ಒಪ್ಪಿಗೆ ಬೇಕು. ಅಪಘಾತದಲ್ಲಿ ಪೂರ್ತಿ ಹಾಳಾದ ಕಾರಿನ ವಿಮೆ ಹಣವೂ ಮೊದಲು ಬ್ಯಾಂಕಿನ ಬಾಕಿಗೆ ಹೋಗುತ್ತದೆ. ಕೊನೆಯ ಕಂತು ಕಟ್ಟಿದರೆ ಈ ಹೆಸರು ತಾನಾಗಿ ಅಳಿಯುತ್ತದೆ ಎಂದು ಎಷ್ಟೋ ಜನ ತಪ್ಪು ತಿಳಿದಿರುತ್ತಾರೆ. ಬ್ಯಾಂಕಿನಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಮತ್ತು ಸಹಿ, ಸೀಲು ಇರುವ ಫಾರ್ಮ್ 35 ಪಡೆದು ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಎನ್‌ಒಸಿಗೆ ಸಾಮಾನ್ಯವಾಗಿ 90 ದಿನದ ಅವಧಿ ಇರುವುದರಿಂದ ಬೀರುವಿನಲ್ಲಿಟ್ಟು ಮರೆಯಬೇಡಿ. ಆರ್‌ಸಿ ಸರಿಯಾದ ಬಳಿಕ ಅದರ ಪ್ರತಿಯನ್ನು ವಿಮಾ ಕಂಪನಿಗೆ ಕಳಿಸಿ ಪಾಲಿಸಿಯಿಂದಲೂ ಬ್ಯಾಂಕಿನ ಹೆಸರು ತೆಗೆಸಿ.