ಹುಡುಗರ ಕೈಗೆ ಕೆಂಪು ಪೆನ್ನು ಕೊಡಿ

ಕವಿತೆ, ಕತೆ, ಮಾತಿನ ಹಬ್ಬದ ತಯಾರಿಗೆ ಹರೆಯದವರನ್ನು ಸೇರಿಸಿಕೊಳ್ಳುವಾಗ ‘ನಿಮಗೇನು ಬೇಕು ಹೇಳಿ’ ಅಂತ ಕೇಳಬೇಡಿ. ಕಾರ್ಯಕ್ರಮದ ಕಚ್ಚಾ ಪಟ್ಟಿ ಬರೆದು, ಒಬ್ಬೊಬ್ಬರಿಗೂ ಒಂದು ಪ್ರತಿ, ಒಂದು ಕೆಂಪು ಪೆನ್ನು ಕೊಟ್ಟು ‘ಬೇಡದ್ದನ್ನು ಹೊಡೆದುಹಾಕಿ’ ಅನ್ನಿ. ಖಾಲಿ ಹಾಳೆ ಮುಂದಿಟ್ಟರೆ ದೊಡ್ಡವರೇ ತಡವರಿಸುತ್ತಾರೆ, ಇನ್ನು ಹದಿನಾರರ ಹುಡುಗಿ ಹಿರಿಯರ ಎದುರು ಬಾಯಿ ಬಿಡ್ತಾಳಾ? ತಪ್ಪು ಹುಡುಕುವುದು ಮಾತ್ರ ಎಲ್ಲರಿಗೂ ಸಲೀಸು. ‘ಉದ್ಘಾಟನಾ ಭಾಷಣ, 45 ನಿಮಿಷ’ ಅನ್ನೋ ಸಾಲಿಗೆ ಅಡ್ಡಗೆರೆ ಬೀಳುತ್ತದೆ, ಪಕ್ಕದಲ್ಲಿ ‘5 ಸಾಕು, ಉಳಿದಿದ್ದು ರ‍್ಯಾಪ್‌ಗೆ’ ಅಂತ ಬರುತ್ತದೆ. ಆ ಪಕ್ಕದ ಗೀಚೇ ನಿಮಗೆ ಬೇಕಾದದ್ದು. ಪಟ್ಟಿಯನ್ನು ಬೇಕಂತಲೇ ಸ್ವಲ್ಪ ಸಪ್ಪೆಯಾಗಿ, ಕೈಬರಹದಲ್ಲೇ ಬರೆಯಿರಿ. ನೀಟಾಗಿ ಟೈಪ್ ಮಾಡಿ ತಂದರೆ ಮುಟ್ಟಲು ಹಿಂಜರಿಯುತ್ತಾರೆ. ಹೆಸರು ಬರೆಸಬೇಡಿ. ಅತಿಥಿಗಳು ಗೊತ್ತಾಗಿ, ಆಮಂತ್ರಣ ಪತ್ರಿಕೆ ಅಚ್ಚಾದ ಮೇಲೆ ಇದನ್ನು ಮಾಡಿದರೆ ಸುಮ್ನೆ ನಾಟಕ, ಹುಡುಗರಿಗೆ ಅದು ತಕ್ಷಣ ತಿಳಿಯುತ್ತದೆ. ಪಟ್ಟಿ ಬರೆದವರೇ ಎದುರು ಕೂತು ಒಂದೊಂದು ಸಾಲನ್ನೂ ಸಮರ್ಥಿಸಿಕೊಂಡರೂ ಕೆಲಸ ಕೆಟ್ಟಂತೆಯೇ. ತೀರಾ ಚಿಕ್ಕ ಮಕ್ಕಳಿಗೂ ಇದು ಹೊಂದಲ್ಲ, ಎಲ್ಲದಕ್ಕೂ ರೈಟ್ ಹಾಕಿ, ಮೂಲೆಯಲ್ಲೊಂದು ಹೂವು ಬಿಡಿಸಿ ಕೊಡುತ್ತಾರೆ.